ಒಂದು ಇಂಚು ಒಳಗೆ ಹಿಡಿದ ತೋಳು

ಸಮವಸ್ತ್ರ ಹೊಲಿಯುವ ಆ ಹೆಂಗಸಿಗೆ ಪುಕ್ಕಲಿ ಎಂದು ಹೆಸರಿಟ್ಟವಳು ಅವಳ ಸ್ವಂತ ಅಕ್ಕ. ಹೆಸರು ಗಟ್ಟಿಯಾಗಿ ಅಂಟಿಕೊಂಡಿತು. ಕುಕ್ಕರ್ ಕೂಗಿದರೆ ಬೆಚ್ಚಿಬೀಳುವಳು. ಫೋನ್ ಬಂದರೆ ಯಾರಿಗೆ ಏನಾಯಿತೋ ಎಂದು ಮೊದಲು ಕುಳಿತುಕೊಂಡು ಆಮೇಲೆ ಎತ್ತುವಳು. ಲಿಫ್ಟ್ ನಿಂತುಬಿಟ್ಟರೆ ಎಂದು ಐದು ಮಹಡಿ ಹತ್ತುವಳು. ಹಗ್ಗ ಕಂಡರೂ ಹಾವೆನ್ನುವ ಜೀವ ಅದು. ಹೊಲಿಗೆ ಯಂತ್ರದ ಮುಂದೆ ಕುಳಿತಾಗ ಮಾತ್ರ ಅವಳಿಗೆ ಯಾರ ಭಯವೂ ಇರಲಿಲ್ಲ. ಇಪ್ಪತ್ತೆರಡು ವರ್ಷದಿಂದ ನರ್ಸುಗಳಿಗೆ, ಶಾಲೆಯ ಮಕ್ಕಳಿಗೆ, ಕಾವಲಿನವರಿಗೆ ಹೊಲಿದಿದ್ದಾಳೆ. ಸರಿಯಿಲ್ಲ ಎಂದು ಒಂದೂ ವಾಪಸು ಬಂದಿಲ್ಲ.

ಇಂಥವಳ ಹೊಟ್ಟೆಯಲ್ಲಿ ಹುಟ್ಟಿದ ಮಗಳು ಜೂಡೊ ಕಲಿತಳು. ದೇವರಿಗೂ ಹೊತ್ತು ಹೋಗಬೇಕಲ್ಲ.

ಎದುರಾಳಿಯ ಕೋಟಿನ ತೋಳು ಹಿಡಿಯುವುದು, ಎಳೆಯುವುದು, ಎತ್ತಿ ಒಗೆಯುವುದು, ಬಿದ್ದವರ ಕೈಯನ್ನು ತಿರುವಿ ಹಿಡಿಯುವುದು: ಜೂಡೊ ಎಂದರೆ ತಾಯಿಗೆ ತಿಳಿದದ್ದು ಇಷ್ಟು. ತಡೆಯಲಾಗದಿದ್ದರೆ ನೆಲ ತಟ್ಟಬೇಕು, ತಟ್ಟಿದರೆ ಸೋಲು. ಹೋದ ವರ್ಷ ಮಗಳು ತಟ್ಟಲಿಲ್ಲ. ಅಂದು ಅವಳ ಕೋಚ್ ಮೇಡಂ ಬೇರೊಬ್ಬ ಶಿಷ್ಯೆಯ ಪಂದ್ಯಕ್ಕೆ ಹೋಗಿದ್ದರು. ಹಟಮಾರಿ ಹುಡುಗಿ ಹಲ್ಲು ಕಚ್ಚಿಕೊಂಡೇ ಇದ್ದಳು, ಬಲ ಮೊಣಕೈ ಕೀಲು ತಪ್ಪಿತು. ಆ ಸದ್ದು ಮೂರನೇ ಸಾಲಿನಲ್ಲಿದ್ದ ತಾಯಿಗೂ ಕೇಳಿಸಿತು. ಕೈ ವಾಸಿಯಾದ ಮೇಲೆ ಮೇಡಂ ಒಂದು ಕಟ್ಟಳೆ ಮಾಡಿದರು. ಕೈ ಸಿಕ್ಕಿಬಿದ್ದರೆ ಅಂಕಣದ ಅಂಚಿನಲ್ಲಿ ಕೋಚ್ ಕೂರುವ ಕುರ್ಚಿಯತ್ತ ಮಗಳು ನೋಡಬೇಕು. ಮೇಡಂ ತಮ್ಮ ತೊಡೆ ತಟ್ಟಿದರೆ ಇವಳು ನೆಲ ತಟ್ಟಲೇಬೇಕು. ಅವರನ್ನು ಬಿಟ್ಟು ಇನ್ನಾರ ಮಾತನ್ನೂ ಅವಳು ಕೇಳುತ್ತಿರಲಿಲ್ಲ.

ಈ ವರ್ಷ ಕಿರಿಯರ ಅಂತರರಾಷ್ಟ್ರೀಯ ಪಂದ್ಯಾವಳಿ ಅವರ ಊರಿಗೇ ಬಂತು. ಮಗಳು ಆಯ್ಕೆಯಾದಳು. ಓಣಿಯವರೆಲ್ಲ ಹೊಗಳಿದರು, ತಾಯಿಗೆ ಮಾತ್ರ ಆ ಕೀಲಿನ ಸದ್ದೇ ಮತ್ತೆ ಮತ್ತೆ ಕೇಳಿಸಿತು. ಪಂದ್ಯಕ್ಕೆ ಎರಡು ದಿನ ಮುಂಚೆ, ಮಗಳು ಅಭ್ಯಾಸಕ್ಕೆ ಹೋಗಿದ್ದಾಗ, ಅವಳ ಬಿಳಿ ಕೋಟನ್ನೂ ನೀಲಿ ಕೋಟನ್ನೂ ಯಂತ್ರಕ್ಕೆ ಕೊಟ್ಟು ತೋಳುಗಳನ್ನು ಒಂದೊಂದು ಇಂಚು ಒಳಗೆ ಹಿಡಿದುಬಿಟ್ಟಳು. ಹಿಡಿಯಲು ಬಟ್ಟೆಯೇ ಸಿಗದಿದ್ದರೆ ಕೈ ಹೇಗೆ ತಿರುಚುತ್ತಾರೆ? ದಪ್ಪ ಬಟ್ಟೆಗೆ ಎರಡು ಸೂಜಿ ಮುರಿದವು. ಮೇಲೆ ಜೋಡಿ ಹೊಲಿಗೆ ಬೇರೆ. ಅವಳಿಗೆ ಅರ್ಧಂಬರ್ಧ ಕೆಲಸ ಗೊತ್ತಿಲ್ಲ.

ಪಂದ್ಯದ ಬೆಳಿಗ್ಗೆ ಗ್ಯಾಲರಿಯಲ್ಲಿ ಕುಳಿತು ಕೆಳಗೆ ನೋಡಿದಳು. ಅಂಕಣಕ್ಕೆ ಹೋಗುವ ಮೊದಲು ಪ್ರತಿ ಮಗುವೂ ಒಂದು ಮೇಜಿನ ಮುಂದೆ ಕೈ ಚಾಚಿ ನಿಲ್ಲಬೇಕು. ಅಧಿಕಾರಿಯೊಬ್ಬ ಅಳತೆಯ ಪಟ್ಟಿಯನ್ನು ತೋಳಿನೊಳಗೆ ತೂರಿಸಿ ನೋಡುತ್ತಿದ್ದ. ಒಬ್ಬ ಹುಡುಗನ ತೋಳಿನಲ್ಲಿ ಪಟ್ಟಿ ಸಿಕ್ಕಿಕೊಂಡಿತು. ಅವನು ಬೇರೆ ಕೋಟು ತೊಟ್ಟು ಬಂದ, ಆದರೆ ಅವನ ಕೋಚ್ ತಲೆ ತಗ್ಗಿಸಿಕೊಂಡು ಹೊರಗೆ ನಡೆದ.

"ಅವರನ್ನ ಯಾಕೆ ಕಳಿಸಿದ್ರು?" ಎಂದು ಪಕ್ಕದವರನ್ನು ಕೇಳಿದಳು.

"ತೋಳು ಬಿಗಿ ಇದ್ರೆ ಅದು ಮೋಸ ಅಂತ ಲೆಕ್ಕಮ್ಮ," ಎಂದರು ಯಾವುದೋ ಹುಡುಗಿಯ ತಂದೆ. "ಕೋಚ್‌ಗೆ ಶಿಕ್ಷೆ. ಇಡೀ ದಿನ ಒಳಗೆ ಬರೋ ಹಾಗಿಲ್ಲ."

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಆದರೆ ಈ ಎಮ್ಮೆ ಇಲ್ಲದಿದ್ದರೆ ಮಗಳ ಕೈ ಉಳಿಯುವುದಿಲ್ಲ! ಖಾಲಿ ಕುರ್ಚಿಯತ್ತ ನೋಡಿದ ಹುಡುಗಿ ತಟ್ಟುವವಳಲ್ಲ. ತಾಯಿ ಮೆಟ್ಟಿಲು ಹೇಗೆ ಇಳಿದಳೋ ಅವಳಿಗೇ ತಿಳಿಯದು.

ಕೆಳಗೆ ಕಬ್ಬಿಣದ ಅಡ್ಡಗಟ್ಟೆಯ ಹತ್ತಿರ ಕಾವಲಿನವನು ತಡೆದ. "ಇಲ್ಲಿಂದ ಮುಂದೆ ಬಿಡಲ್ಲಮ್ಮ." ಅವಳು ಅಲ್ಲಿಂದಲೇ ಮಗಳನ್ನು ಕೂಗಿದಳು. ಹುಟ್ಟಿದಾಗಿನಿಂದ ಅಷ್ಟು ಜೋರಾಗಿ ಅವಳು ಕೂಗಿರಲಿಲ್ಲ. ಮಗಳೂ ಬಂದಳು, ಹಿಂದೆಯೇ ಮೇಡಂ ಕೂಡ.

"ತೋಳು ನಾನೇ ಒಳಗೆ ಹಿಡಿದೆ ಕಣೇ. ಬಿಳೀದಕ್ಕೂ, ನೀಲೀದಕ್ಕೂ. ಅಳೀತಾರೆ ಅಂತ ಗೊತ್ತಿರ್ಲಿಲ್ಲ. ಬಿಚ್ಚು ಬೇಗ."

ಮೇಡಂ ಹಣೆ ಚಚ್ಚಿಕೊಂಡರು. "ಅಲ್ರೀ, ಮೂವತ್ತು ದೇಶದವರು ಬಂದಿದ್ದಾರೆ. ಯಾರಿಗೂ ಹೊಳೀದೇ ಇರೋ ಬುದ್ಧಿ ನಿಮಗೇ ಹೊಳೀಬೇಕಿತ್ತಾ? ಇನ್ನು ಮೂರೇ ಪಂದ್ಯ ಇರೋದು, ಆಮೇಲೆ ಇವಳದ್ದೇ! ಇವಳ ಅಳತೇದು ಬೇರೆ ಕೋಟು ಈಗ ಎಲ್ಲಿ ಹುಡುಕ್ಲಿ?"

ಅವಳ ಚೀಲದಲ್ಲಿದ್ದ ಕತ್ತರಿಯನ್ನು ಬೆಳಿಗ್ಗೆ ಬಾಗಿಲಲ್ಲೇ ಕಸಿದುಕೊಂಡಿದ್ದರು. ಪುಣ್ಯಕ್ಕೆ ಒಳಗೆ ಹಿಡಿದ ಬಟ್ಟೆಯನ್ನು ಹೊಲಿಯುವಾಗ ಅವಳು ಕತ್ತರಿಸಿರಲಿಲ್ಲ. ಮಗಳು ತೊಟ್ಟಿದ್ದ ಕೋಟನ್ನು ಹಿಡಿದು ನೆಲದ ಮೇಲೆ ಕುಳಿತು ಹಲ್ಲಿನಿಂದ ಗಂಟು ಕಡಿದಳು, ಸೇಫ್ಟಿ ಪಿನ್ನಿನಿಂದ ನೂಲು ಎಬ್ಬಿಸಿದಳು. ತನ್ನ ಹೊಲಿಗೆ ಗಟ್ಟಿ ಎಂದು ಅವಳು ಬೈದುಕೊಂಡದ್ದು ಅದೇ ಮೊದಲು. ಅವಸರಕ್ಕೆ ಪಿನ್ನು ಎರಡು ಸಲ ಅಂಗೈಗೇ ಚುಚ್ಚಿತು. ಮಗಳು ಪಕ್ಕದಲ್ಲಿ ಕುಳಿತಳು.

"ನಂಗೆ ಗೊತ್ತಿತ್ತಮ್ಮ," ಎಂದಳು ಮೆಲ್ಲಗೆ. "ನಿನ್ನೆ ಹಾಕ್ಕೊಂಡಾಗಲೇ ಗೊತ್ತಾಯ್ತು."

"ಮತ್ತೆ ಯಾಕೆ ಬಾಯಿ ಬಿಡ್ಲಿಲ್ಲ?"

"ಇರ್ಲಿ ಅನ್ನಿಸ್ತು. ಬೆಳಿಗ್ಗೆ ಆ ಪಟ್ಟಿ ನೋಡಿದ ಮೇಲೂ ಹೇಳಕ್ಕಾಗ್ಲಿಲ್ಲ. ಈ ಕೈನ ಯಾರಾದ್ರೂ ಮುಟ್ಟಿದ್ರೆ ಸಾಕು, ಭಯ ಆಗತ್ತೆ. ಒಂದು ವರ್ಷದಿಂದ."

ತಾಯಿಯ ಕೈ ನಿಂತುಹೋಯಿತು. ಮಗಳಿಗಾದರೂ ಭಯವಿಲ್ಲವಲ್ಲ ಎಂಬ ಒಂದೇ ಧೈರ್ಯದ ಮೇಲೆ ಅವಳು ಆ ವರ್ಷವನ್ನು ಕಳೆದಿದ್ದಳು. ಈಗ ಅದೂ ಹೋಯಿತು.

"ಹಾಗಾದ್ರೆ ಬೇಡ. ನಡಿ, ಮನೆಗೆ ಹೋಗೋಣ."

"ಭಯ ಆಗ್ತಿದೆ ಅಂದೆ. ಆಡಲ್ಲ ಅಂದ್ನಾ? ಬೇಗ ಬಿಚ್ಚಮ್ಮಾ."

ತಾಯಿ ಬಿಚ್ಚಿದಳು. ತನ್ನ ಕೈಯಾರೆ ಮಗಳನ್ನು ಒಪ್ಪಿಸಿಕೊಡುತ್ತಿದ್ದೇನೆ ಎಂದು ತಿಳಿದೇ ಬಿಚ್ಚಿದಳು. ಕೊನೆಯ ನೂಲು ಜಗ್ಗುವಾಗ ಮೈಕಿನಲ್ಲಿ ಮಗಳನ್ನು ಕರೆದರು. ಪಟ್ಟಿ ತೋಳಿನೊಳಗೆ ಸಲೀಸಾಗಿ ಓಡಾಡಿತು. ಮೇಡಂ ಹೋಗಿ ಕುರ್ಚಿಯಲ್ಲಿ ಕುಳಿತರು.

ಎದುರಾಳಿ ಎತ್ತರದ ಹುಡುಗಿ. ಅವಳ ಕೈ ಮೊದಲು ಹೋದದ್ದೇ ಆ ಬಲ ತೋಳಿಗೆ. ಎರಡು ನಿಮಿಷ ಮಗಳು ಕೊಸರಿ ಕೊಸರಿ ಬಿಡಿಸಿಕೊಂಡಳು, ಒಮ್ಮೆ ಅವಳನ್ನೇ ಬೀಳಿಸಿದಳು. ಮೂರನೆಯ ನಿಮಿಷ ಇಬ್ಬರೂ ಬಿದ್ದರು. ಕಣ್ಣು ಮಿಟುಕಿಸುವಷ್ಟರಲ್ಲಿ ಮಗಳ ಮೊಣಕೈ ಆ ಹುಡುಗಿಯ ತೊಡೆಗಳ ನಡುವೆ ಸಿಕ್ಕಿಹೋಗಿತ್ತು. ಕೈ ನೆಟ್ಟಗಾಯಿತು. ನೆಟ್ಟಗಾದದ್ದು ಇನ್ನೂ ಹಿಂದಕ್ಕೆ ಬಾಗತೊಡಗಿತು. ತಾಯಿ ಅಡ್ಡಗಟ್ಟೆಯ ಕಂಬಿ ಹಿಡಿದು ಆ ಸದ್ದಿಗಾಗಿ ಕಾದಳು.

ಮಗಳು ಕುರ್ಚಿಯತ್ತ ನೋಡಿದಳು. ಮೇಡಂ ತೊಡೆ ತಟ್ಟಿದರು. ಮಗಳು ನೆಲ ತಟ್ಟಿದಳು.

ಸೋತಳು. ಕೈ ಮಡಚಿ ಬಿಚ್ಚಿ ನೋಡಿಕೊಂಡು ತಾನಾಗಿಯೇ ಎದ್ದು ನಿಂತಳು. ತಾಯಿ ಕಂಬಿಗೆ ಹಣೆ ಊರಿ ಗೊಳೋ ಎಂದು ಅತ್ತಳು. ಅಷ್ಟು ಸಂತೋಷ ಅವಳಿಗೆ ಮಗಳು ಹುಟ್ಟಿದ ದಿನವೂ ಆಗಿರಲಿಲ್ಲ. ಕಾವಲಿನವನಿಗೆ ಇದೆಲ್ಲ ಏನು ಗೊತ್ತು ಪಾಪ, ಸೋಲಿಗೆ ಅಳುತ್ತಿದ್ದಾಳೆಂದು ತಿಳಿದು ಹತ್ತಿರ ಬಂದ.

"ಅಳಬೇಡಿಮ್ಮ. ಒಳ್ಳೆ ಆಟಗಾರ್ತಿ. ಮುಂದಿನ ವರ್ಷ ಗೆದ್ದೇ ಗೆಲ್ತಾಳೆ ನೋಡ್ತಾ ಇರಿ."

ಮುಂದಿನ ವರ್ಷ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಅವಳ ಅಳು ನಿಂತಿತು, ಕೈಕಾಲು ಮತ್ತೆ ತಣ್ಣಗಾದವು.