ಒಳಗೆ ಕರೆಯುವ ಕ್ರಮ

ನಮ್ಮ ಕಡೆ ಸತ್ತವರನ್ನು ಒಳಗೆ ಕರೆಯಬೇಕು. ಬೊಜ್ಜ, ಅಂದರೆ ಉತ್ತರಕ್ರಿಯೆ, ಮುಗಿದ ಸಂಜೆ ಮನೆಯ ಹಿರಿಯರೊಬ್ಬರು ಹೊಸ್ತಿಲಾಚೆ ನಿಂತು ತುಳುವಿನಲ್ಲಿ "ಉಳಯಿ ಬಲೆ" ಎಂದು ಕರೆಯುತ್ತಾರೆ. ಒಳಗೆ ಬನ್ನಿ ಎಂದು ಅರ್ಥ. ಅಲ್ಲಿಯವರೆಗೆ ಸತ್ತವರು ಅಂಗಳದ ಬದಿಯಲ್ಲಿ ಕಾಯುತ್ತಿರುತ್ತಾರೆ ಎಂಬುದು ನಂಬಿಕೆ. ಆಮೇಲೆ ವರ್ಷಕ್ಕೊಮ್ಮೆ ಬಾಳೆಲೆಯಲ್ಲಿ ಅವರಿಗೆ ಇಷ್ಟವಾದದ್ದನ್ನು ಬಡಿಸಿ, ಬಾಗಿಲು ಹಾಕಿಕೊಂಡು, ಮನೆಯವರೆಲ್ಲ ಹೊರಗೆ ನಿಲ್ಲುತ್ತಾರೆ. ಉಣ್ಣುವವರನ್ನು ನೋಡಬಾರದು. ಮತ್ತೆ ತೆರೆಯುವ ಮೊದಲು ಕೆಮ್ಮಿ, ಬಾಗಿಲು ತಟ್ಟಬೇಕು.

ನನ್ನ ಗಂಡನನ್ನು ಅವರ ಅಣ್ಣ ಕರೆದರು, ಊರಿನಲ್ಲಿ, ಹಿರಿಯರ ಹಳೆಯ ಮನೆ ಬಿಟ್ಟು ತಾವು ಹೊಸದಾಗಿ ಕಟ್ಟಿಸಿದ ಮನೆಯ ಬಾಗಿಲಲ್ಲಿ. ಗ್ರಾನೈಟ್ ಹಾಸಿದ ಆ ಮನೆಯಲ್ಲಿ ನಮ್ಮವರು ಮಲಗಿದ್ದು ಗೃಹಪ್ರವೇಶದ ದಿನ ಮಾತ್ರ. ನಾನು ಹೆಂಗಸರ ಸಾಲಿನಲ್ಲಿ ನಿಂತು ಆ ಕರೆಯನ್ನು ಕೇಳಿಸಿಕೊಂಡೆ. ಇವರು ಇಲ್ಲಿಗೆ ಬರುವವರಲ್ಲ ಎಂದು ಆಗಲೇ ಅನ್ನಿಸಿತು.

ಅವರು ತೈಲ ಕಂಪನಿಯೊಂದರ ಕ್ಯಾಂಪಿನಲ್ಲಿ ಅಡುಗೆಯವರಾಗಿದ್ದರು. ಮದುವೆಯಾದಂದಿನಿಂದ ನಮ್ಮ ಮನೆ ಕುವೈತಿನ ಅಬು ಹಲೀಫಾದ ಇದೇ ಫ್ಲ್ಯಾಟು. ಮಗಳು ಹುಟ್ಟಿದ್ದು ಇಲ್ಲಿ, ಅವರು ಎದೆ ಹಿಡಿದುಕೊಂಡು ಕುಸಿದದ್ದು ಇದೇ ಅಡುಗೆಮನೆಯಲ್ಲಿ. ಊರಿನ ಕ್ರಿಯೆ ಮುಗಿಸಿ ನಾವಿಬ್ಬರೂ ವಾಪಸು ಬಂದೆವು. ನನಗೆ ಪಕ್ಕದ ನರ್ಸರಿ ಶಾಲೆಯಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಕೆಲಸವಿದೆ, ಇಲ್ಲಿರಲು ಬೇಕಾದ ಪರವಾನಗಿ ಇಕಾಮಾ ನನ್ನ ಹೆಸರಿನಲ್ಲೇ ಇದೆ. ಬಂದವರೆಲ್ಲ "ಇನ್ನು ಊರಿಗೆ ಹೋಗಿಬಿಡು" ಎಂದರು. ಯಾವ ಊರಿಗೆ ಎಂದು ನಾನು ಕೇಳಲಿಲ್ಲ, ಹೋಗಲೂ ಇಲ್ಲ.

ಆ ವರ್ಷ ಮಗಳು ಹನ್ನೊಂದನೇ ಕ್ಲಾಸು. ಇತಿಹಾಸದಲ್ಲಿ ರೋಮನ್ ಸಾಮ್ರಾಜ್ಯ ಇತ್ತು. ಪ್ರಾಜೆಕ್ಟಿಗೆಂದು ಅವಳು ಲಬನ್ ಮಜ್ಜಿಗೆಯ ರಟ್ಟಿನ ಪೆಟ್ಟಿಗೆ ಕತ್ತರಿಸಿ ರೋಮನರ ಮನೆದೇವರ ಗೂಡು ಮಾಡಿದಳು. ಎರಡು ಪುಟ್ಟ ದೇವರು, ಕೆಳಗೆ ಬಣ್ಣದ ಹಾವು. ಫ್ರಿಜ್ಜಿನ ಮೇಲೆ ಒಣಗಲು ಇಟ್ಟಳು.

"ಹಾವು ಯಾಕೆ?" ಎಂದೆ.

"ಗುಡ್ ಲಕ್ ಅಮ್ಮಾ. ನಿಮ್ಮ ನಾಗನ ಹಾಗೆ. ಕಿಚನ್‌ನಲ್ಲೇ ಇಡ್ತಿದ್ರು, ಒಲೆ ಹತ್ರ."

ನಮ್ಮ ದೇವರೂ ಅಡುಗೆಮನೆಯ ಕಪಾಟಿನಲ್ಲೇ ಇದ್ದಾರೆ. ಊದುಬತ್ತಿ ಹಚ್ಚುವಾಗ ಎಕ್ಸಾಸ್ಟ್ ಫ್ಯಾನ್ ಹಾಕುತ್ತೇನೆ, ಗಂಟೆಯನ್ನು ಮೆಲ್ಲಗೆ ಅಲ್ಲಾಡಿಸುತ್ತೇನೆ.

ದಿನವೂ ಪಾತ್ರೆ ಒರೆಸುತ್ತಾ ಅವಳು ಒಂದೊಂದು ಕತೆ ಹೇಳತೊಡಗಿದಳು. ರೋಮಿನವರು ವರ್ಷಕ್ಕೊಮ್ಮೆ ಸಮಾಧಿಗಳಿಗೆ ಹೂವು, ಧಾನ್ಯ, ಉಪ್ಪು, ದ್ರಾಕ್ಷಾರಸದಲ್ಲಿ ನೆನೆಸಿದ ರೊಟ್ಟಿ ಒಯ್ಯುತ್ತಿದ್ದರಂತೆ. ಇನ್ನೊಂದು ಹಬ್ಬದಲ್ಲಿ ಮನೆಯ ಯಜಮಾನ ಬರಿಗಾಲಲ್ಲಿ ನಡೆಯುತ್ತಾ ಹಿಂದಕ್ಕೆ ಕಪ್ಪು ಅವರೆ ಎಸೆದು, ಕಂಚು ಬಡಿದು, ಸತ್ತ ಹಿರಿಯರಿಗೆ ಹೊರಡಿ, ಹೊರಡಿ ಎನ್ನುತ್ತಿದ್ದನಂತೆ.

"ಹೊರಗೆ ಕಳಿಸುವುದಾ?"

"ಹ್ಮ್. ನಾವು ಉಲ್ಟಾ. ನಾವು ಕಮ್ ಇನ್ ಅಂತೀವಿ."

ನಲ್ಲಿ ನಿಲ್ಲಿಸಿದೆ. ಈ ಬಾಗಿಲಲ್ಲಿ ಅವರನ್ನು ಯಾರೂ ಒಳಗೆ ಕರೆದಿಲ್ಲ ಎಂಬುದು ಆಗ ಎದೆಗೆ ನಾಟಿತು. ಸ್ಟ್ರೆಚರಿನಲ್ಲಿ ಹೊರಗೆ ಹೋದವರು ಹೋದ ಹಾಗೇ ಇದ್ದಾರೆ.

ದೀಪಾವಳಿಯ ಅಮಾವಾಸ್ಯೆಗೆ ಇಲ್ಲಿಯೇ ಕರೆದು ಬಡಿಸುತ್ತೇನೆ ಎಂದು ನಿಶ್ಚಯಿಸಿದೆ. ಊರಿನಲ್ಲಿ ಕರೆದ ಬಾವನೂ ಇರುವುದು ಇಲ್ಲೇ ಕುವೈತಿನಲ್ಲಿ, ದೂರದ ರಿಗ್ಗೈಯಲ್ಲಿ, ಬ್ಯಾಂಕಿನಲ್ಲಿ ಕೆಲಸ. ಹಬ್ಬಕ್ಕೆ ಮೊದಲಿನ ಶುಕ್ರವಾರ ನಮ್ಮನ್ನು ನೋಡಲು ಬಂದಾಗ ಹೇಳಿದೆ. ಅವರು ಚಹದ ಕಪ್ಪು ಕೆಳಗಿಟ್ಟರು.

"ಅವನನ್ನು ಊರಲ್ಲಿ ಕರೆದು ಆಗಿದೆ. ಎರಡೆರಡು ಮನೆಗೆ ಕರೆಯಲಿಕ್ಕೆ ಅವನೆಂತ ಪೋಸ್ಟ್‌ಮ್ಯಾನಾ?"

"ಬದುಕಿದ್ದಾಗ ಎರಡು ವರ್ಷಕ್ಕೊಮ್ಮೆ ರಜೆಯಲ್ಲಿ ಹೋಗ್ತಿದ್ದವರಿಗೆ ಸತ್ತ ಮೇಲೆ ಅಲ್ಲಿ ಪರ್ಮನೆಂಟ್ ವೀಸಾ ಆಯ್ತಾ ಬಾವ?"

ಮಗಳು ಬಾಯಿಗೆ ಕೈ ಅಡ್ಡ ಹಿಡಿದಳು. ಬಾವ ನಗಲಿಲ್ಲ.

"ನೋಡು, ಹೆಂಗಸರು ಕರೆಯುವ ಕ್ರಮ ಇಲ್ಲ. ಬಾಡಿಗೆ ಮನೆಯಲ್ಲಂತೂ ಇಲ್ಲವೇ ಇಲ್ಲ. ನಾಳೆ ಖಾಲಿ ಮಾಡುವಾಗ ಅವನನ್ನು ಎಂತ ಮಾಡ್ತಿ?"

"ಕರ್ಕೊಂಡು ಹೋಗ್ತೇನೆ."

"ಕ್ರಮ ಅಂತ ಒಂದುಂಟು ಮಾರಾಯ್ತಿ. ನಿನಗೆ ಬೇಕಾದ ಹಾಗೆ ಬದಲಿಸ್ಲಿಕ್ಕೆ ಆಗುದಿಲ್ಲ. ಒಳಗೆ ಯಾರೂ ಬರುದಿಲ್ಲ, ಸುಮ್ನೆ ಮಗುವಿನ ತಲೆ ಕೆಡಿಸ್ಬೇಡ."

ಅವರು ಹೋದ ಮೇಲೆ ಮಗಳು ಒಬ್ಬ ತಾಯಿಯ ಕತೆ ಹೇಳಿದಳು. ರೋಮಿನ ರಾಜರು ಕ್ರೈಸ್ತರಾದ ಮೇಲಿನ ಕಾಲ. ಮನೆದೇವರಿಗೆ ಧೂಪ ಹಾಕುವುದನ್ನೂ ದೊರೆ ನಿಷೇಧಿಸಿದ್ದು ಅದೇ ಸುಮಾರಿಗೆ. ಆ ತಾಯಿ ಕ್ರೈಸ್ತಳೇ. ಆಫ್ರಿಕಾದಿಂದ ಸಮುದ್ರ ದಾಟಿ ಮಗನಿದ್ದ ಇಟಲಿಯ ಊರಿಗೆ ಬಂದಿದ್ದಳು. ತನ್ನ ಊರಿನ ಅಭ್ಯಾಸದಂತೆ ಬುಟ್ಟಿಯಲ್ಲಿ ಗಂಜಿ, ರೊಟ್ಟಿ, ದ್ರಾಕ್ಷಾರಸ ಹಿಡಿದು ಸಂತರ ಸಮಾಧಿಗೆ ಹೋದಳು. ಬಾಗಿಲು ಕಾಯುವವನು ತಡೆದ. ಇಲ್ಲಿ ಬಿಷಪ್ ಇದನ್ನೆಲ್ಲ ನಿಲ್ಲಿಸಿದ್ದಾರೆ ಎಂದ. ಅವಳು ಮರುಮಾತಿಲ್ಲದೆ ತಿರುಗಿ ಹೋದಳಂತೆ. ಅದಕ್ಕೆ ಅವಳ ಮಗ ಅವಳನ್ನು ಹೊಗಳಿ ಬರೆದಿದ್ದಾನಂತೆ.

"ಆ ಗಂಜಿಯನ್ನು ಏನು ಮಾಡಿದಳು?" ಎಂದು ಕೇಳಿದೆ.

"ಡೋಂಟ್ ನೋ ಅಮ್ಮಾ. ಅದು ಎಲ್ಲೂ ಸಿಗಲಿಲ್ಲ."

ಸಿಗುವುದಿಲ್ಲ. ವಿಧೇಯತೆಯನ್ನು ಹೊಗಳುವವರು ಬುಟ್ಟಿಯೊಳಗೆ ಇಣುಕುವುದಿಲ್ಲ. ಬೆಳಿಗ್ಗೆ ಎದ್ದು ಆ ಗಂಜಿ ಬೇಯಿಸಿದವಳು ಅವಳು. ಯಾರನ್ನು ನೆನೆದು ಉಪ್ಪು ಹಾಕಿದಳೋ ಅವಳಿಗೆ ಮಾತ್ರ ಗೊತ್ತು. ಅವಳು ತಿರುಗಿ ಹೋದಳು, ಸರಿ. ನಾನು ಹೋಗುವುದಿಲ್ಲ. ದೊರೆ ಹೇಳಿದಾಗ ಕ್ರಮ ಬದಲಾಗುತ್ತದೆ, ಬಿಷಪ್ ಹೇಳಿದಾಗ ಬದಲಾಗುತ್ತದೆ, ಗ್ರಾನೈಟಿನ ಮನೆ ಕಟ್ಟಿಸಿದಾಗಲೂ ಬದಲಾಗುತ್ತದೆ. ಒಬ್ಬ ಹೆಂಡತಿಗೆ ಬೇಕಾದಾಗ ಮಾತ್ರ ಅದು ಕಲ್ಲಾಗುತ್ತದೆ.

ಅಮಾವಾಸ್ಯೆಯ ದಿನ ನರ್ಸರಿಯಿಂದ ಬಂದು ಸ್ನಾನ ಮಾಡಿ ಬಂಗುಡೆ ಮೀನಿನ ಹುಳಿಖಾರದ ಪುಳಿಮುಂಚಿ ಮಾಡಿದೆ. ಕುಚ್ಚಲಕ್ಕಿ ಅನ್ನ ಬೇಯಿಸಿದೆ. ಊರಿನಲ್ಲಾದರೆ ಕಳ್ಳು ಇಡುತ್ತಾರೆ, ರೋಮಿನವರಾದರೆ ದ್ರಾಕ್ಷಾರಸ. ಮದ್ಯಕ್ಕೆ ನಿಷೇಧವಿರುವ ಕುವೈತಿನಲ್ಲಿ ಎರಡೂ ಇಲ್ಲ. ಅವರು ಕೆಲಸದಿಂದ ಬಂದ ಕೂಡಲೇ ಕುಡಿಯುತ್ತಿದ್ದ ಲಬನ್ನನ್ನು ಲೋಟಕ್ಕೆ ಹೊಯ್ದೆ. ಬಾಗಿಲ ಬಳಿಯಿದ್ದ ಅವರ ಚಪ್ಪಲಿಯನ್ನು ತೊಳೆದು ಒಳಗೆ ಸೋಫಾದ ಮುಂದೆ ಇಟ್ಟೆ.

ಮಸೀದಿಯಲ್ಲಿ ಸಂಜೆಯ ಮಗ್ರಿಬಿನ ಬಾಂಗ್ ಮುಗಿದ ಮೇಲೆ ಬಾಗಿಲು ತೆರೆದು ಕಾರಿಡಾರಿನಲ್ಲಿ ನಿಂತೆ. ಏನೆಂದು ಕರೆಯುವುದು? ಊರಿನಲ್ಲಿ ಬಾವ ಹೆಸರು ಹಿಡಿದು ಕರೆದಿದ್ದರು. ನಾನು ಗಂಡನ ಹೆಸರನ್ನು ಒಮ್ಮೆಯೂ ಹೇಳಿದವಳಲ್ಲ. ಅಡುಗೆಮನೆಯಿಂದ "ಕೇಳಿತಾ?" ಎನ್ನುತ್ತಿದ್ದೆ, ಅವರು ಓಗೊಡುತ್ತಿದ್ದರು. ಅಷ್ಟೇ ನಮ್ಮ ರೂಢಿ.

ಲಿಫ್ಟಿನ ಕಡೆ ಮುಖ ಮಾಡಿ ಗಟ್ಟಿಯಾಗಿಯೇ ಹೇಳಿದೆ. "ಕೇಳಿತಾ? ಉಳಯಿ ಬಲೆ."

ಒಳಗೆ ಹೋಗಿ ಬಡಿಸಿದೆವು. ಒಂದೇ ಕೋಣೆಯ ಫ್ಲ್ಯಾಟು, ಹಾಲ್‌ನಲ್ಲೇ ಎಲೆ ಹಾಕಿದ್ದೆ. ಹಾಗಾಗಿ ನಾವಿಬ್ಬರೂ ಕಾರಿಡಾರಿಗೆ ಬಂದು ಬಾಗಿಲು ಎಳೆದುಕೊಂಡೆವು. ಬೀಗ ಕಟಕ್ಕೆಂದಿತು.

ತಾನಾಗಿಯೇ ಬೀಳುವ ಬೀಗ. ಕಸ ಹಾಕಲು ಹೋಗುವಾಗಲೂ ನಾವು ಆ ಚಪ್ಪಲಿಯನ್ನೇ ಬಾಗಿಲಿಗೆ ಅಡ್ಡ ಇಡುತ್ತಿದ್ದೆವು. ಚಪ್ಪಲಿ ಈಗ ಒಳಗೆ, ಕೀಲಿಯೂ ಒಳಗೆ.

ಮಗಳು ನನ್ನನ್ನು ನೋಡಿದಳು. "ಅಮ್ಮಾ, ಡ್ಯಾಡಿನ ಒಳಗೆ ಕರೆದು ನಾವು ಔಟ್!" ಎಂದಳು. ಅಪ್ಪ ಹೋದ ಮೇಲೆ ಅವಳು ಹಾಗೆ ನಕ್ಕಿರಲಿಲ್ಲ. ನಾನೂ ಗೋಡೆಗೆ ಒರಗಿ ನಕ್ಕೆ.

ಸದ್ದು ಕೇಳಿ ಎದುರು ಫ್ಲ್ಯಾಟಿಗೆ ಹೊಸದಾಗಿ ಬಂದಿದ್ದ ಈಜಿಪ್ಟಿನ ಹೆಂಗಸು ಇಣುಕಿದಳು. ಒಳಗೆ ಯಾರೂ ಇಲ್ಲವೇ ಎಂದು ಅರಬಿಯಲ್ಲಿ ಕೇಳಿದಳು.

"ಅಪ್ಪ ಇದ್ದಾರೆ," ಎಂದಳು ಮಗಳು ಶಾಲೆಯ ಅರಬಿಯಲ್ಲಿ.

"ಮತ್ತೆ ತೆಗೆಯುವುದಿಲ್ಲವೇ?"

"ಊಟ ಮಾಡ್ತಿದ್ದಾರೆ."

ಅವಳು ನಮಗೆ ಎರಡು ಕುರ್ಚಿ ತಂದುಕೊಟ್ಟಳು.

ಇನ್ನೊಂದು ಕೀಲಿ ಇದ್ದದ್ದು ಬಾವನ ಹತ್ತಿರ. ಹಿಂದೊಮ್ಮೆ ರಜೆಯಲ್ಲಿ ಊರಿಗೆ ಹೋಗುವಾಗ ನಮ್ಮವರೇ ಕೊಟ್ಟಿದ್ದರು. ಸುಳ್ಳು ಹೇಳಬಹುದಿತ್ತು, ಕಸ ಹಾಕಲು ಹೋಗಿದ್ದೆವು ಎನ್ನಬಹುದಿತ್ತು. ಮಗಳ ಫೋನಿನಲ್ಲಿ ನಾನೇ ಮಾತಾಡಿದೆ. "ಬಾವ, ಅವರನ್ನು ಕರೆದು ಬಡಿಸಿದ್ದೇನೆ. ಬಾಗಿಲು ಲಾಕ್ ಆಗಿದೆ. ಕೀಲಿ ತನ್ನಿ." ಫೋನು ಕಟ್ಟಾಯಿತು.

ಅಷ್ಟು ದೂರದಿಂದ ಟ್ರಾಫಿಕ್ ದಾಟಿ ಅವರು ಬಂದರು. ಬ್ಯಾಂಕಿನ ಅಂಗಿಯಲ್ಲೇ ಇದ್ದರು, ಮುಖ ಬಿಗಿದಿತ್ತು. ಬೈಗುಳಕ್ಕೆ ನಾನು ತಯಾರಾಗಿಯೇ ಎದ್ದು ನಿಂತೆ. ಅವರು ನನ್ನನ್ನು ದಾಟಿ ಹೋಗಿ ಬಾಗಿಲ ಮುಂದೆ ಶೂ ಬಿಚ್ಚಿದರು. ಬಾಗಿಲ ಸಂದಿಯಿಂದ ಪುಳಿಮುಂಚಿಯ ಪರಿಮಳ ಬರುತ್ತಿತ್ತು. ಕೀಲಿಯನ್ನು ಬೀಗದವರೆಗೆ ಒಯ್ದ ಕೈ ಅಲ್ಲೇ ನಿಂತಿತು.

ಆಮೇಲೆ ಅವರು ಮೆಲ್ಲಗೆ ಕೆಮ್ಮಿ, ಬೆರಳ ಗಂಟಿನಿಂದ ಬಾಗಿಲು ತಟ್ಟಿದರು.

"ಯಾರಿಗೆ ತಟ್ಟಿದ್ದು ಬಾವ?" ಎಂದೆ.

"ಸುಮ್ಮನಿರು ಮಾರಾಯ್ತಿ," ಎಂದರು ತಿರುಗದೆ. "ತಮ್ಮ ಉಣ್ಣುತ್ತಿದ್ದಾನೆ."