ಎದುರುಮನೆ ಆಂಟಿಯ ಶುಕ್ರವಾರಗಳು

ಮೊನ್ನೆ ದ್ವಾರಕಾದ ನಮ್ಮ ಸೊಸೈಟಿಯ ಕೆಳಗಿನ ಔಷಧಿ ಅಂಗಡಿಯಲ್ಲಿ ಆಂಟಿಬಯಾಟಿಕ್ ಮಾತ್ರೆ ಕೊಂಡೆ. ಅಂಗಡಿಯ ಭಯ್ಯಾ ಕೇಳದೆಯೇ ಜೊತೆಗೊಂದು ಪ್ರೋಬಯಾಟಿಕ್, ಅಂದರೆ ಹೊಟ್ಟೆಗೆ ಒಳ್ಳೆಯದೆನ್ನುವ ಜೀವಾಣುಗಳ ಪುಡಿಯ ಪೊಟ್ಟಣ ಹಾಕಿದ್ದ. ಮನೆಗೆ ಬಂದು ತುದಿ ಹರಿದರೆ ಹುಳಿ ಬಂದ ದೋಸೆಹಿಟ್ಟಿನಂಥ ವಾಸನೆ... ಸಿಂಕಿಗೆ ಸುರಿದು ನಲ್ಲಿ ಬಿಟ್ಟೆ.

ನಾನು ಸೂಕ್ಷ್ಮಜೀವಿಶಾಸ್ತ್ರದ ಎಂಎಸ್ಸಿಗೆಂದು ದೆಹಲಿಗೆ ಬಂದಾಗ ಆರ್.ಕೆ.ಪುರಂನ ಕ್ವಾರ್ಟರ್ಸ್‌ನಲ್ಲಿ ಸೋದರಮಾವನ ಮನೆಯಲ್ಲಿದ್ದೆ. ಎದುರಿನ ಬಾಗಿಲು ಆಂಟಿಯದು. ದಾವಣಗೆರೆ ಕಡೆಯವರು, ಮಕ್ಕಳಿರಲಿಲ್ಲ. ಅಂಕಲ್ ಸರ್ಕಾರಿ ಕಚೇರಿಯಲ್ಲಿ ಸೆಕ್ಷನ್ ಆಫೀಸರ್. ಭಾನುವಾರ ನನ್ನ ಊಟ ಅಲ್ಲೇ. ಮೂರನೇ ರೊಟ್ಟಿಯನ್ನು ಅಂಕಲ್ ಕೇಳದೆಯೇ ನನ್ನ ತಟ್ಟೆಗೆ ಹಾಕುತ್ತಿದ್ದರು.

ಒಂದು ಚಳಿಗಾಲ ಅಂಕಲ್‌ಗೆ ನ್ಯುಮೋನಿಯಾ ಆಗಿ ಖಾಸಗಿ ಆಸ್ಪತ್ರೆಯೊಂದರ ಐಸಿಯು ಸೇರಿದರು. ವೆಂಟಿಲೇಟರ್ ಹಾಕಿದರು. ಆಂಟಿಬಯಾಟಿಕ್‌ನಿಂದ ಭೇದಿ ಹತ್ತಿತು. ಅಲ್ಲಿನ ದೊಡ್ಡ ಡಾಕ್ಟರು ದಿನಕ್ಕೆರಡು ಸಲ ಇಂಥದೇ ಪುಡಿಯನ್ನು ಮೂಗಿನ ನಳಿಕೆಯಲ್ಲಿ ಬಿಡಲು ಬರೆದರು. "ಮೊಸರು ಅಂತಲೇ ತಿಳ್ಕೊಳ್ಳಿ," ಎಂದರು ಹಿಂದಿಯಲ್ಲಿ. ಆಂಟಿ ಕೈಮುಗಿದು ಥ್ಯಾಂಕ್ಸ್ ಹೇಳಿದರು.

ಸೋಮವಾರ ರಕ್ತದ ರಿಪೋರ್ಟ್ ಬಂತು. ಶುಕ್ರವಾರ ಅಂಕಲ್ ಹೋದರು.

ತಿಂಗಳಾದ ಮೇಲೆ ಆಂಟಿ ಆಸ್ಪತ್ರೆಯ ಫೈಲು ತಂದು ನನ್ನ ಮುಂದಿಟ್ಟರು. "ನೀನು ಇದನ್ನೇ ಓದ್ತೀಯಲ್ಲ, ನೋಡಿ ಹೇಳು."

ರಕ್ತದಲ್ಲಿ ಬೆಳೆದಿದ್ದದ್ದು ಆ ಪುಡಿಯಲ್ಲಿದ್ದ ಯೀಸ್ಟೇ. ಗಟ್ಟಿಮುಟ್ಟಾದವರ ಹೊಟ್ಟೆಯಲ್ಲಿ ಸುಮ್ಮನಿರುವ ಜೀವಿ, ಅಷ್ಟು ಸೋತ ದೇಹದಲ್ಲಿ ರಕ್ತಕ್ಕಿಳಿದಿತ್ತು. ಪೊಟ್ಟಣವನ್ನು ಹಾಸಿಗೆಯ ಪಕ್ಕದಲ್ಲೇ ಹರಿಯುತ್ತಿದ್ದರು. ಕುತ್ತಿಗೆಯ ರಕ್ತನಾಳಕ್ಕೆ ಹಾಕಿದ್ದ ನಳಿಕೆಗೆ ಒಂದಿಷ್ಟು ಪುಡಿ ತಗುಲಿದ್ದರೂ ಸಾಕಿತ್ತು. ಅದಕ್ಕಿಂತ ಕೆಟ್ಟದ್ದು ಮುಂದಿನ ಹಾಳೆಯಲ್ಲಿತ್ತು. ರಿಪೋರ್ಟ್ ಬಂದ ಮೇಲೂ ನಾಲ್ಕು ದಿನ ಪುಡಿ ಕೊಡುತ್ತಲೇ ಇದ್ದರು.

ಹೇಳಬಾರದಿತ್ತೋ ಏನೋ... ಹೇಳಿದೆ.

ಆಂಟಿ ಅಳಲಿಲ್ಲ. "ಆ ಮನುಷ್ಯನಿಗೆ ನಾನು ಥ್ಯಾಂಕ್ಸ್ ಹೇಳಿದ್ದೆ," ಎಂದರು, ಅಷ್ಟೇ.

ಆಸ್ಪತ್ರೆಗೆ ದೂರು ಕೊಟ್ಟರು. ಕಾಯಿಲೆ ಮೊದಲೇ ಕೈಮೀರಿತ್ತು ಎಂದು ಉತ್ತರ ಬಂತು. ಆಮೇಲೆ ಶುರುವಾದವು ಅವರ ಶುಕ್ರವಾರಗಳು. ತಿಂಗಳಿಗೊಮ್ಮೆ, ಎರಡನೇ ಶುಕ್ರವಾರ, ಆ ಡಾಕ್ಟರ ಓಪಿಡಿಗೆ ಹೋಗುವರು. ನನ್ನ ಮೊಬೈಲಿನಿಂದ ನಾನೇ ಹೆಸರು ಬರೆಸುತ್ತಿದ್ದೆ. ಸರದಿ ಬಂದಾಗ ಒಳಗೆ ಹೋಗಿ, ಕುರ್ಚಿಯಲ್ಲಿ ನೆಟ್ಟಗೆ ಕೂತು ಒಂದೇ ಪ್ರಶ್ನೆ. "ಸೋಮವಾರದಿಂದ ಶುಕ್ರವಾರದ ತನಕ ನೀವೇನು ಮಾಡ್ತಿದ್ರಿ?" ಐದು ನಿಮಿಷ ಕಾದು ಎದ್ದು ಬರುವರು. ಗಾರ್ಡ್ ತಡೆದರೆ ಚೀಟಿ ತೋರಿಸುವರು. ಡಾಕ್ಟರು ಗುರುಗ್ರಾಮದ ಆಸ್ಪತ್ರೆಗೆ ಬದಲಾದರು. ಆಂಟಿ ಮೆಟ್ರೋ ಹತ್ತಿದರು. ಎಷ್ಟೋ ಸಲ ನಾನೂ ಜೊತೆಗೆ ಹೋದೆ. ಸುಳ್ಳು ಯಾಕೆ, ಆ ಡಾಕ್ಟರ ಮುಖ ಬಿಳಚಿಕೊಳ್ಳುವುದನ್ನು ನೋಡಲಿಕ್ಕೇ ಹೋಗುತ್ತಿದ್ದೆ.

ಮೂರನೇ ವರ್ಷ ಒಂದು ದಿನ ಡಾಕ್ಟರು ಬಾಗಿಲು ಹಾಕಿಸಿದರು. "ಆ ರಿಪೋರ್ಟ್ ನಾನು ನೋಡಲೇ ಇಲ್ಲ. ತಪ್ಪು ನನ್ನದು. ಮಾಫ್ ಕರ್ ದೀಜಿಯೇ."

ಆಂಟಿ ಪರ್ಸ್ ತೆಗೆದುಕೊಂಡು ಎದ್ದರು. "ಮುಂದಿನ ತಿಂಗಳು ಬರ್ತೀನಿ."

ಇನ್ನೂ ಎರಡು ವರ್ಷ ಹೋದರು. ಆಮೇಲೆ ಅವರಿಗೇ ಕ್ಯಾನ್ಸರ್. ಕೊನೆಯ ವಾರ ನನ್ನ ಕೈ ಹಿಡಿದುಕೊಂಡು ಹೇಳಿದರು. "ಆ ಡಾಕ್ಟರಿಗೆ ಹೇಳಿಬಿಡು, ಇನ್ನು ನಾನು ಬರಲ್ಲ. ನನ್ನ ಮನಸ್ಸಲ್ಲಿ ಏನೂ ಉಳಿದಿಲ್ಲ ಅಂತ ಹೇಳು." ಹೂಂ ಎಂದೆ.

ಅವರು ತೀರಿಕೊಂಡು ಎರಡು ತಿಂಗಳಿಗೆ ಡಾಕ್ಟರೇ ಫೋನ್ ಮಾಡಿದರು. ಓಪಿಡಿಯ ದಾಖಲೆಯಲ್ಲಿ ನನ್ನ ನಂಬರು ಸಿಕ್ಕಿತ್ತಂತೆ. "ಮಾತಾಜಿ ಬರ್ತಿಲ್ಲವಲ್ಲ, ಹುಷಾರಾಗಿದ್ದಾರಾ?"

ಹೋಗಿಬಿಟ್ಟರು ಎಂದೆ. ಯಾವಾಗ, ಏನಾಗಿತ್ತು ಎಂದು ಕೇಳಿದರು. ಆಮೇಲೆ, "ನನಗೇನಾದ್ರೂ ಹೇಳಿ ಹೋದ್ರಾ?"

"ಇಲ್ಲ," ಎಂದೆ.

ಈಗ ನಾಲ್ಕು ವರ್ಷವಾಯಿತು. ಡಾಕ್ಟರ ನಂಬರು ನನ್ನ ಫೋನಿನಲ್ಲಿದೆ. ಮೊನ್ನೆಯೂ ತೆಗೆದು ನೋಡಿದೆ, ಒತ್ತಲಿಲ್ಲ. ಆಂಟಿಯ ಮನಸ್ಸಿನಿಂದ ಹೋದದ್ದು ನನ್ನ ಮನಸ್ಸಿನಿಂದ ಹೋಗಿಲ್ಲ. ಗೊತ್ತಾಗಿದ್ದರೆ ಬೈಯುತ್ತಿದ್ದರು. ಬೈಯಲಿಕ್ಕಾದರೂ ಅವರು ಇರಬೇಕಿತ್ತು...