ರೇಡಿಯೋ ಟೀಚರ್ ಗಂಟಲಿಗೆ ರಜೆ

ನಮ್ಮ ಶಾಲೆಯ ಜೀವಶಾಸ್ತ್ರದ ಟೀಚರಿಗೆ ಮಕ್ಕಳು ಇಟ್ಟ ಹೆಸರು ‘ರೇಡಿಯೋ ಟೀಚರ್’. ಹೆಸರಿನಲ್ಲಿ ಸುಳ್ಳೇನೂ ಇರಲಿಲ್ಲ. ಬೆಳಿಗ್ಗೆ ಗೇಟಿನ ಬಳಿ ವಾಚ್‌ಮನ್ ಜೊತೆ ಶುರುವಾದ ಮಾತು ಸಂಜೆ ಅದೇ ಗೇಟಿನ ಬಳಿ ಮುಗಿಯುತ್ತಿತ್ತು. ನಡುವೆ ಜಾಹೀರಾತಿಗೂ ಬಿಡುವಿರಲಿಲ್ಲ. ನಾನು ಅದೇ ಶಾಲೆಯ ಡ್ರಾಯಿಂಗ್ ಮೇಷ್ಟ್ರು. ನನ್ನ ಕೋಣೆಗೂ ಅವರ ಪ್ರಯೋಗಶಾಲೆಗೂ ನಡುವೆ ಇರುವುದು ಒಂದೇ ಗೋಡೆ, ಅದೂ ತೆಳು. ಹೀಗಾಗಿ ಮಕ್ಕಳಿಗೆ ಹೂಜಿ ಬರೆಯುವುದನ್ನು ಹೇಳಿಕೊಡುತ್ತಲೇ ನಾನು ಎಲೆಯ ಉಸಿರಾಟ, ಕಪ್ಪೆಯ ಹೃದಯ ಎಲ್ಲವನ್ನೂ ಪುಕ್ಕಟೆಯಾಗಿ ಕಲಿತವನು.

ಪಾಠವನ್ನೇನೋ ಅವರು ಚೆನ್ನಾಗಿಯೇ ಮಾಡುತ್ತಿದ್ದರು. ಆದರೆ ಪ್ರಶ್ನೆಯೂ ಅವರದೇ, ಉತ್ತರವೂ ಅವರದೇ. “ಯಾಕೆ? ಯಾಕಂದ್ರೆ...” ಎಂದು ಒಂದೇ ಉಸಿರಿನಲ್ಲಿ ಹೇಳಿಬಿಡುವರು. ಕೈ ಎತ್ತಿದ ಮಕ್ಕಳು ಆ ಕೈಯಲ್ಲಿ ತಲೆ ಕೆರೆದುಕೊಂಡು ಕೆಳಗಿಳಿಸುವರು.

ಆ ವರ್ಷ ಒಂಬತ್ತನೇ ತರಗತಿಗೆ ಅಂಗಾಂಶಗಳ ಪಾಠ ಬರುವ ಹೊತ್ತಿಗೆ ಅವರ ದನಿ ಕೈಕೊಟ್ಟಿತು. ಮೊದಲು ಕರಕರ ಎಂದಿತು. ಆಮೇಲೆ ಎಣ್ಣೆ ಕಾಣದ ಬಾಗಿಲಿನ ಹಾಗೆ ಕಿರ್ರ್ ಎಂದಿತು. ಕೊನೆಗೆ ಹೆಡ್‌ಮಿಸ್ಸೇ ಗದರಿಸಿ ಗಂಟಲಿನ ಡಾಕ್ಟರ ಬಳಿ ಕಳಿಸಿದರು. ಡಾಕ್ಟರು ಕ್ಯಾಮರಾ ಇರುವ ಸಪೂರ ನಳಿಕೆಯನ್ನು ಇಳಿಸಿ, ಪರದೆಯ ಮೇಲೆ ಗಂಟಲಿನ ಒಳಗನ್ನು ತೋರಿಸಿದರು. ಬೇರೆಯವರಾಗಿದ್ದರೆ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಇವರು ನಳಿಕೆ ಒಳಗಿದ್ದಂತೆಯೇ ಕುರ್ಚಿಯಿಂದ ಅರ್ಧ ಎದ್ದು, ತಮ್ಮದೇ ಗಂಟಲನ್ನು ಬೆರಗಿನಿಂದ ನೋಡಿದರು.

“ಇಲ್ನೋಡಿ, ಧ್ವನಿ ತಂತುವಿನ ಅಂಚಲ್ಲಿ ಒಂದು ಗಂಟು ಬಂದಿದೆ. ಭಯ ಬೇಡ, ಕೆಟ್ಟದ್ದಲ್ಲ” ಎಂದರು ಡಾಕ್ಟರು. “ದಿನಕ್ಕೆ ಎಷ್ಟು ಹೊತ್ತು ಮಾತಾಡ್ತೀರಿ?”

ಉತ್ತರ ಕೊಟ್ಟದ್ದು ಮೂಲೆಯಲ್ಲಿ ನಿಂತಿದ್ದ ಅವರ ಯಜಮಾನರು.

“ನಿದ್ದೆ ಬಿಟ್ಟು” ಎಂದರು.

ಯಜಮಾನರು ಗಡಿಯಾರ ರಿಪೇರಿ ಮಾಡುವವರು. ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಚಿಮುಟದಲ್ಲಿ ಸ್ಕ್ರೂ ಹಿಡಿದು ದಿನವಿಡೀ ಬಾಯಿ ಮುಚ್ಚಿ ಕೂತು ರೂಢಿ. ಆ ತಿಂಗಳು ಅವರು ಆಡಿದ ಅತಿ ಉದ್ದದ ಮಾತು ಬಹುಶಃ ಅದೇ.

ಸಣ್ಣ ಆಪರೇಷನ್ನಿನಲ್ಲಿ ಗಂಟು ತೆಗೆದಾಯಿತು. “ಹತ್ತು ದಿನ ಒಂದಕ್ಷರ ಆಡಬಾರದು. ಪಿಸುಮಾತೂ ಕೂಡದು” ಎಂದು ಡಾಕ್ಟರು ಕಟ್ಟಪ್ಪಣೆ ಮಾಡಿದರು. ಹೆಡ್‌ಮಿಸ್ಸು ರಜೆ ಕೊಟ್ಟು, ಪಾಠವನ್ನು ಗಣಿತದ ಮೇಷ್ಟ್ರಿಗೆ ವಹಿಸಲು ಹೊರಟರು. ಗಣಿತದ ಮೇಷ್ಟ್ರು ಪುಸ್ತಕವನ್ನು ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಓದಿ ಹೇಳುವವರು. ಇದನ್ನು ಕೇಳಿ ರೇಡಿಯೋ ಟೀಚರ್ ಎರಡೇ ದಿನ ಮಲಗಿ, ಮೂರನೇ ದಿನ ಬಿಳಿ ಕೋಟು ಹಾಕಿಕೊಂಡು ಶಾಲೆಗೆ ಬಂದರು. ಹೆಡ್‌ಮಿಸ್ಸಿನ ಮುಂದೆ ಒಂದು ಚೀಟಿ ಇಟ್ಟರು: “ಅಂಗಾಂಶ ನನ್ನದು.”

ಆ ದಿನ ಅವರು ಬೋರ್ಡಿನ ಮೇಲೆ ಬರೆದರು: “ನನ್ನ ಗಂಟಲಿಗೆ ರಜೆ. ನಿಮ್ಮದಕ್ಕೆ ಇಲ್ಲ.” ಬೆಂಚಿಗೊಂದರಂತೆ ಕೊತ್ತಂಬರಿ ದಂಟು, ಸೀಬೆಹಣ್ಣಿನ ಹೋಳು ಇಟ್ಟರು. ಮತ್ತೆ ಬರೆದರು: “ಬಗ್ಗಿಸಿ. ಅಗಿಯಿರಿ. ಏನನ್ನಿಸಿತು ಹೇಳಿ.” ಅವರು ತಿರುಗಿ ನೋಡುವಷ್ಟರಲ್ಲಿ ಸೀಬೆ ಮಂಗಮಾಯ. ಏನನ್ನಿಸಿತು ಎಂದರೆ “ಚೆನ್ನಾಗಿತ್ತು ಟೀಚರ್” ಎಂದಷ್ಟೇ ಉತ್ತರ. ಎರಡನೇ ಸಲ ಹೋಳು ಹಂಚುವಾಗ ಬೆರಳೆತ್ತಿ ಗದರಿದ ಮೇಲೆಯೇ ಯಾರೋ “ಹಲ್ಲಿಗೆ ಮರಳು ಸಿಕ್ಕ ಹಾಗಾಯ್ತು” ಎಂದದ್ದು. ಟೀಚರ್ ಚಾಕ್ ಹಿಡಿದು ಓಡಿದರು: “ಮರಳಲ್ಲ. ಗೋಡೆ ದಪ್ಪಗಾಗಿ, ಸತ್ತು ಕಲ್ಲಿನಂತಾದ ಕೋಶಗಳು. ಸ್ಕ್ಲೀರೆಂಕೈಮ.” ಬಗ್ಗಿದರೂ ಮುರಿಯದ ದಂಟಿನಲ್ಲಿ ಇರುವುದು ಕೋಲೆಂಕೈಮ ಎಂಬುದೂ ಹಾಗೆಯೇ ಬೋರ್ಡಿಗೆ ಬಂತು.

ಮಾರನೇ ದಿನ ಗೋಡೆಯಾಚೆ ಸಂತೆಯಂಥ ಗಲಾಟೆ. ತರಗತಿಯಲ್ಲಿ ಟೀಚರ್ ಇಲ್ಲವೇನೋ ಎಂದು ಹೋಗಿ ಇಣುಕಿದೆ. ಟೀಚರ್ ಇದ್ದರು. ಸೂಕ್ಷ್ಮದರ್ಶಕದಲ್ಲಿ ಕೆಂಪು ಬಣ್ಣ ಹಾಕಿದ ಕಾಂಡದ ಚೂರು ಇತ್ತು. ಕೊಳಾಯಿ ರಿಪೇರಿಯವರ ಮಗಳು, ವರ್ಷವಿಡೀ ಬಾಯಿ ಬಿಡದ ಹುಡುಗಿ, ಎದ್ದು ನಿಂತಿದ್ದಳು.

“ಟೀಚರ್, ಕ್ಸೈಲಂನಲ್ಲಿ ನೀರು ಸಾಗಿಸೋ ಕೋಶಗಳು ಸತ್ತಿರತ್ವೆ ಅಂತ ಬರೆದಿದೀರಿ. ಸತ್ತಿರೋದು ನೀರು ಹೇಗೆ ಎತ್ತತ್ತೆ?”

ಟೀಚರ್ ಬಾಯಿ ತೆರೆದರು. ನೆನಪಾಗಿ ಅಂಗೈಯಿಂದ ಮುಚ್ಚಿಕೊಂಡರು. ಉತ್ತರ ಗಂಟಲಿನವರೆಗೆ ಬಂದು ಒದ್ದಾಡುತ್ತಿದ್ದದ್ದು ಬಾಗಿಲಲ್ಲಿ ನಿಂತ ನನಗೂ ಕಾಣುತ್ತಿತ್ತು. ಕೊನೆಗೆ ತರಗತಿಯ ಕಡೆ ಕೈ ಚಾಚಿದರು: ನೀವೇ ಹೇಳಿ.

“ಸತ್ತಿರಲ್ಲ ಕಣೇ, ಮಲಗಿರತ್ತೆ” ಎಂದಿತು ಹಿಂದಿನ ಬೆಂಚು.

“ನಮ್ಮಪ್ಪ ಹಾಕೋ ಪೈಪು ಬದುಕಿರತ್ತಾ? ಆದ್ರೂ ನೀರು ಹೋಗತ್ತಲ್ಲ” ಎಂದು ಅವಳೇ ಯೋಚಿಸಿದಳು.

“ಅದು ಟ್ಯಾಂಕಿಂದ ಕೆಳಗೆ ಬರತ್ತೆ. ಗಿಡದಲ್ಲಿ ಕೆಳಗಿಂದ ಮೇಲೆ ಹೋಗ್ಬೇಕು. ಮೋಟಾರ್ ಎಲ್ಲಿದೆ?”

“ಸ್ಟ್ರಾ ಇಟ್ಟು ಜ್ಯೂಸ್ ಕುಡೀತೀವಲ್ಲ, ಸ್ಟ್ರಾಗೇನು ಜೀವ ಇರತ್ತಾ?”

“ಹಾಗಾದ್ರೆ ಹೀರೋರು ಯಾರು?”

“ಎಲೆ!” ಎಂದು ಕೊಳಾಯಿಯವರ ಮಗಳು ಕಿರುಚಿದಳು. “ಎಲೆಯಿಂದ ನೀರು ಆವಿಯಾಗಿ ಹೋಗ್ತಾ ಇರತ್ತೆ, ಅದಕ್ಕೇ ಕೆಳಗಿಂದ ಮೇಲೆ ಎಳ್ಕೊಳ್ಳತ್ತೆ!”

ಟೀಚರ್ ಖುಷಿಗೆ ಮೇಜಿನ ಮೇಲೆ ಹೊಡೆದ ಏಟಿಗೆ ಬಣ್ಣದ ಸೀಸೆ ಉರುಳಿ, ಬಿಳಿ ಕೋಟು ಕೆಂಪಾಯಿತು. ಅವರು ಅದನ್ನು ನೋಡಲೂ ಇಲ್ಲ.

ಮೌನದಿಂದ ಎಲ್ಲವೂ ಸಾಂಗವಾಯಿತು ಎಂದೇನೂ ತಿಳಿಯಬೇಡಿ. ಪ್ರಾಣಿ ಅಂಗಾಂಶಕ್ಕೆ ಬಂದಾಗ ಫಜೀತಿಯೂ ಆಯಿತು. ಕಿವಿಯ ಅಂಚು ಬಗ್ಗಿಸಿ ಮೃದ್ವಸ್ಥಿ ತೋರಿಸಿದರು, ಸರಿ. ತಮ್ಮ ಗಂಟಲಿನ ಚಿತ್ರವನ್ನೇ ಗೋಡೆಗೆ ಅಂಟಿಸಿ, ಒಳಮೈಗೆ ಹೊದಿಕೆಯಾಗಿರುವ ಅನುಲೇಪಕ ಅಂಗಾಂಶ ತೋರಿಸಿದರು; ಮಕ್ಕಳು “ಇದು ನಿಜವಾಗ್ಲೂ ನಿಮ್ಮದಾ?” ಎಂದು ಸಾಲುಗಟ್ಟಿ ನೋಡಿದರು, ಅದೂ ಸರಿ. ಆದರೆ ಕರುಳಿನ ಸ್ನಾಯು ನಮ್ಮ ಮಾತು ಕೇಳದೆ ತಾನಾಗಿಯೇ ಅಲೆಅಲೆಯಾಗಿ ಹಿಸುಕುತ್ತದೆ ಎನ್ನಲು ಕೈಯನ್ನು ತೇಲಿಸಿದರೆ, ಮಕ್ಕಳು “ಮೀನು!” “ಹಾವು!” ಎಂದರು. ಹೃದಯದ ಸ್ನಾಯುವಿಗೆ ದಣಿವಿಲ್ಲ ಎನ್ನಲು ಅವರು ಮೇಜನ್ನು ಸುತ್ತಿದ್ದೇ ಸುತ್ತಿದ್ದು. ಮರುದಿನದ ಕಿರುಪರೀಕ್ಷೆಯಲ್ಲಿ ಒಬ್ಬ ಬರೆದಿದ್ದ: “ಹೃದಯ ಸ್ನಾಯು ದುಂಡಗೆ ತಿರುಗುತ್ತದೆ. ಸ್ವಲ್ಪ ಏದುಸಿರು ಬಿಡುತ್ತದೆ.” ಟೀಚರ್ ಆ ಉತ್ತರವನ್ನು ಸ್ಟಾಫ್ ರೂಮಿಗೆ ತಂದು ನನಗೆ ತೋರಿಸಿ, ಸದ್ದಿಲ್ಲದೆ ನಕ್ಕು ಕಣ್ಣೊರೆಸಿಕೊಂಡರು.

ಇನ್ನು ಮನೆಯ ಸಂಗತಿ. ಅದು ನಿನಗೆ ಹೇಗೆ ಗೊತ್ತು ಎಂದು ಕೇಳಬೇಡಿ. ಗಂಟಲು ವಾಸಿಯಾದ ಮೇಲೆ ಅವರು ನಮಗೆಲ್ಲ ಒಂದು ವಾರ ಹೇಳಿದ್ದು ಇದನ್ನೇ. ಅವರ ಅತ್ತೆಗೆ ಕಿವಿ ಮಂದ. ಆಪರೇಷನ್ ಆಗಿದೆ ಎಂಬುದು ಗೊತ್ತಿತ್ತು, ಮಾತು ನಿಂತಿದೆ ಎಂಬುದು ಗೊತ್ತಿರಲಿಲ್ಲ. ಮಗ ಕಿವಿಯ ಹತ್ತಿರ ಕೂಗಿ ಹೇಳಿದಾಗ ಮುದುಕಿ ಕಕ್ಕಾಬಿಕ್ಕಿ.

“ಅಯ್ಯೋ, ಮತ್ತೆ ಎರಡು ದಿನದಿಂದ ನಾನು ಹೂಂ ಹೂಂ ಅಂದಿದ್ದು ಯಾರಿಗೋ?”

ಸಂಜೆ ಊಟದ ಮೇಜಿನಲ್ಲಿ ಎಂದೂ ಕೇಳದ ಗಡಿಯಾರಗಳ ಟಿಕ್ ಟಿಕ್ ಕೇಳಿಸತೊಡಗಿತು. ಯಜಮಾನರಿಗೆ ಅದು ತಡೆಯಲಾಗಲಿಲ್ಲವೋ ಏನೋ, ಕೆಮ್ಮಿ ಗಂಟಲು ಸರಿಮಾಡಿಕೊಂಡು “ಇವತ್ತು ಅಂಗಡಿಗೆ ಒಂದು ಗೋಡೆ ಗಡಿಯಾರ ಬಂದಿತ್ತು” ಎಂದರು. ಅಷ್ಟಕ್ಕೇ ನಿಲ್ಲಬಹುದೆಂದು ಟೀಚರ್ ಅಂದುಕೊಂಡರೆ, ನಿಲ್ಲಲಿಲ್ಲ. ದಿನಕ್ಕೆ ಒಂದಿಷ್ಟರಂತೆ ಅವರ ಮಾತು ಬೆಳೆಯಿತು. ಇಷ್ಟು ವರ್ಷದ ಸಂಸಾರದಲ್ಲಿ ಟೀಚರ್ ಕೇಳಿರದ ಕಥೆಗಳು. ಗಂಟಲಿನ ರಜೆಯ ಕೊನೆಯ ಸಂಜೆ, ಹುಡುಗನಾಗಿದ್ದಾಗ ಗುರುಗಳ ಜೊತೆ ದೊಡ್ಡ ಗೋಪುರದ ಗಡಿಯಾರ ರಿಪೇರಿಗೆ ಹೋದದ್ದನ್ನು ಹೇಳಿದರು. ಇವರು ಒಳಗಿರುವುದನ್ನು ಮರೆತು ಗುರುಗಳು ಹೊರಗಿನಿಂದ ಬೀಗ ಜಡಿದು ಹೋಗಿಬಿಟ್ಟರಂತೆ.

“ಕೂಗಿದೆ, ಯಾರಿಗೂ ಕೇಳಿಸ್ಲಿಲ್ಲ. ಅಷ್ಟು ಎತ್ತರ. ಆಮೇಲೆ ಒಂದು ಉಪಾಯ ಹೊಳೀತು” ಎಂದವರು ಆಕಳಿಸಿ, “ನಿದ್ದೆ ಬಂತು. ನಾಳೆ ಹೇಳ್ತೀನಿ” ಎಂದು ಎದ್ದೇಬಿಟ್ಟರು. ಟೀಚರ್ ಓಡಿ ಚೀಟಿಯಲ್ಲಿ ಬರೆದು ಹಿಡಿದರು. ಓದಲು ಯಜಮಾನರ ಕನ್ನಡಕ ಅಂಗಡಿಯಲ್ಲೇ ಉಳಿದಿತ್ತು.

ಬೆಳಿಗ್ಗೆ ಡಾಕ್ಟರು ಒಳಗೆಲ್ಲ ನೋಡಿ, “ಚೆನ್ನಾಗಿ ವಾಸಿಯಾಗಿದೆ. ಎಲ್ಲಿ, ನಿಧಾನಕ್ಕೆ ‘ಆ’ ಅನ್ನಿ” ಎಂದರು.

“ಆ...” ಎಂದರು ಟೀಚರ್. ದನಿ ತೆಳ್ಳಗೆ, ಹೊಸದಾಗಿ ಬಂತು. ಥಟ್ಟನೆ ಯಜಮಾನರ ಕಡೆ ತಿರುಗಿ ಮುಂದುವರಿಸಿದರು: “ಆಮೇಲೆ ಏನಾಯ್ತು ರೀ?”

ಯಜಮಾನರು ನಾಚಿ ಡಾಕ್ಟರ ಮುಖ ನೋಡಿದರು. “ಹೇಳಿ, ಹೇಳಿ” ಎಂದು ಡಾಕ್ಟರೂ ಕುರ್ಚಿ ಎಳೆದುಕೊಂಡರು.

“ಏನಿಲ್ಲ, ದೊಡ್ಡ ಮುಳ್ಳನ್ನ ಒಳಗಿಂದ ಹಿಂದಕ್ಕೆ ತಿರುಗಿಸ್ತಾ ಹೋದೆ. ಗಡಿಯಾರ ಹಿಂದಕ್ಕೆ ಓಡೋದು ನೋಡಿ ರಸ್ತೇಲಿ ಜನ ಸೇರಿದ್ರು. ಬಂದು ಬಾಗಿಲು ತೆಗೆದ್ರು.”

ಹೊರಗೆ ಕಾಯುತ್ತಿದ್ದ ರೋಗಿಗಳಿಗೆ ಒಳಗಿನ ನಗು ಕೇಳಿ ಆಶ್ಚರ್ಯವಾಗಿರಬೇಕು.

ಪಾಠದಲ್ಲಿ ನರ ಅಂಗಾಂಶವೊಂದು ಉಳಿದಿತ್ತು. ಟೀಚರ್ ಮೆಲ್ಲಗೆ ಶುರು ಮಾಡಿದರು. ನರಕೋಶದ ಉದ್ದನೆಯ ಬಾಲಕ್ಕೆ ಬರುವಷ್ಟರಲ್ಲಿ ಹಳೆಯ ವೇಗ ಬಂದಿತ್ತು. ನಾನು ಗೋಡೆಯ ಈಚೆ ಬ್ರಷ್ ಹಿಡಿದು ನೆಮ್ಮದಿಯಿಂದ ಕೇಳುತ್ತಿದ್ದೆ. ಆಗ ನಡುವೆ ಕೊಳಾಯಿಯವರ ಮಗಳ ದನಿ ಕೇಳಿಸಿತು.

“ಟೀಚರ್, ಡಾಕ್ಟರು ದಿನಕ್ಕೆ ಎಷ್ಟು ಮಾತಾಡ್ಬಹುದು ಅಂದಿದಾರೆ?”

“ಸ್ವಲ್ಪ.”

“ಅದು ಆಗ್ಲೇ ಮುಗೀತು ಟೀಚರ್. ಈಗ ನಮ್ದು.”

ತರಗತಿ ಗೊಳ್ಳೆಂದಿತು. ಟೀಚರ್ ನಕ್ಕು ಮುಂದಿನ ಬೆಂಚಿನಲ್ಲಿ ಮಕ್ಕಳ ನಡುವೆ ಜಾಗ ಮಾಡಿಸಿಕೊಂಡು ಕೂತರಂತೆ. ಬೆರಳಿಗೆ ಬಿಸಿ ತಾಗಿದರೆ ಯೋಚಿಸುವ ಮೊದಲೇ ಕೈ ಹೇಗೆ ಹಿಂದಕ್ಕೆ ಬರುತ್ತದೆ ಎಂದು ಹುಡುಗಿ ಕೇಳಿದಳು. ಯಾರೋ ಏನೋ ಅಂದರು, ಇನ್ಯಾರೋ ಅಲ್ಲ ಅಂದರು. ಐದು ನಿಮಿಷ ಟೀಚರ್ ತಡೆದುಕೊಂಡರು. ಆಮೇಲೆ ಗೋಡೆಯಾಚೆಯಿಂದ ಅವರ ದನಿಯೂ ಮಕ್ಕಳ ದನಿಯೂ ಒಟ್ಟಿಗೇ, ಒಂದರ ಮೇಲೊಂದು ಬಿದ್ದು ಕೇಳಿಸತೊಡಗಿದವು. ಅದನ್ನು ಕೇಳುತ್ತ ನಾನು ಬರೆಯುತ್ತಿದ್ದ ಹೂಜಿಯ ಹಿಡಿ ಸೊಟ್ಟಗಾಯಿತು.